ಮಧುಕರನ ಎರಡು ಹಾಜರಿ

ಫೋಟೋ ತೆಗೆಯುವಾಗ ಮಧುಕರ್ ಕಣ್ಣು ಮುಚ್ಚಿದ. ಆಮೇಲೆ ನಡೆದದ್ದಕ್ಕೆಲ್ಲ ಅದೇ ಮೂಲ.

ಇದು ಅವನ ಹಳೆಯ ಚಾಳಿ. ಆಧಾರ್ ಕಾರ್ಡಿನಲ್ಲಿ ಅವನು ನಿದ್ದೆ ಮಾಡುತ್ತಿದ್ದಾನೆ. ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಪ್ರಜ್ಞೆ ತಪ್ಪಿದವನಂತಿದ್ದಾನೆ. ಆದರೆ ಈ ಸಲ ಫೋಟೋ ತೆಗೆಸಿದ್ದು ನಗೋಯಾದಲ್ಲಿ ಅವನು ಕೆಲಸ ಮಾಡುವ ಕಂಪನಿ. ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಕಂಪನಿ, ಊರಿನಲ್ಲಿ ನಡೆಯಲಿದ್ದ ನಾಲ್ಕು ದೇಶಗಳ ಐಸ್ ಹಾಕಿ ಪಂದ್ಯಾವಳಿಗೆ ಪ್ರಾಯೋಜಕರಲ್ಲೊಂದು. ಕೊರೊನಾ ಬಂದು ಎರಡನೆಯ ವರ್ಷ. ಪ್ರೇಕ್ಷಕರು ಒಂದು ಸೀಟು ಬಿಟ್ಟು ಒಂದರಲ್ಲಿ ಕೂರಬೇಕೆಂದು ನಿಯಮ. ಹಾಗೆ ಕೂತರೆ ಟೀವಿಯಲ್ಲಿ ಹಲ್ಲು ಉದುರಿದ ಬಾಯಿಯಂತೆ ಕಾಣುತ್ತದಲ್ಲ? ಅದಕ್ಕೆಂದು ನಡುವಿನ ಸೀಟುಗಳಲ್ಲಿ ನೌಕರರದೇ ರಟ್ಟಿನ ಚಿತ್ರಗಳನ್ನು, ಸೊಂಟದಿಂದ ಮೇಲಕ್ಕೆ ನಿಜವಾದ ಅಳತೆಯಲ್ಲಿ ಮಾಡಿಸಿ ಕೂರಿಸುವುದೆಂದು ತೀರ್ಮಾನವಾಯಿತು.

ಮಧುಕರನ ಚಿತ್ರ ಬಂದಾಗ ಆಡಳಿತ ವಿಭಾಗದವರು ಗಾಬರಿಯಾದರು. ಪ್ರಾಯೋಜಕ ಕಂಪನಿಯ ನೌಕರನೇ ಪಂದ್ಯ ನೋಡುತ್ತ ತೂಕಡಿಸಿದರೆ ಹೇಗೆ? ಬಗ್ಗಿ ಬಗ್ಗಿ ಕ್ಷಮೆ ಕೇಳಿ, ಕಣ್ಣು ತೆರೆದ ಇನ್ನೊಂದನ್ನು ಮಾಡಿಸಿದರು. ಕಣ್ಣು ಮುಚ್ಚಿದ್ದನ್ನು ಎಸೆಯುವುದು ಅಮರ್ಯಾದೆಯೆಂದು ಚೆನ್ನಾಗಿ ಕಟ್ಟಿ ಮನೆಗೆ ಕಳಿಸಿಕೊಟ್ಟರು. ಅವನ ಹೆಂಡತಿ ಯಾಮಿನಿ ಅದನ್ನು ಎಸೆಯಲು ಹೊರಟಳು. ಪ್ಲಾಸ್ಟಿಕ್ ಮೆತ್ತಿದ ರಟ್ಟು ಸೋಮವಾರದ ಸುಡುವ ಕಸವೋ, ಬುಧವಾರದ ಸುಡದ ಕಸವೋ ಎಂದು ಕಟ್ಟಡದಲ್ಲಿ ಯಾರಿಗೂ ಹೇಳಲಾಗಲಿಲ್ಲ. ಹೀಗಾಗಿ ಇನ್ನೊಬ್ಬ ಮಧುಕರ್ ವಾಷಿಂಗ್ ಮಷೀನಿನ ಹಿಂದೆ ಕಣ್ಣು ಮುಚ್ಚಿಕೊಂಡು ನಿಂತ.

ಗುರುವಾರ ರಾತ್ರಿ ಊಟದ ಹೊತ್ತಿಗೆ ಯಾಮಿನಿ ಬಾಂಬು ಹಾಕಿದಳು.

"ರೀ, ಶನಿವಾರ ಮೂರು ಗಂಟೆಗೆ ಸತ್ಯನಾರಾಯಣ ಪೂಜೆ. ಅಪ್ಪ ಫಿಕ್ಸ್ ಮಾಡಿದ್ದಾರೆ. ಶ್ರೀಕಂಠ ಶಾಸ್ತ್ರಿಗಳು ಮೈಸೂರಿಂದ ಜೂಮ್‌ನಲ್ಲಿ ಮಾಡಿಸ್ತಾರೆ."

"ಶನಿವಾರ ಮೂರು ಗಂಟೆಗೆ ಮ್ಯಾಚ್ ಇದೆ ಕಣೆ! ಬೆಳಿಗ್ಗೆ ಇಟ್ಕೊಳ್ಳೋಕಾಗಲ್ವಾ?"

"ನಮ್ಮ ಮೂರು ಗಂಟೆ ಅಂದ್ರೆ ಅವರಿಗೆ ಹನ್ನೊಂದೂವರೆ. ಅದಕ್ಕಿಂತ ಮುಂಚೆ ಶಾಸ್ತ್ರಿಗಳಿಗೆ ಸಿಂಗಪುರ ಇದೆ, ಆಮೇಲೆ ದುಬೈ ಇದೆ. ಮಧ್ಯೆ ನಾವು."

"ಮ್ಯಾಚಿಗೆ ಹೋಗ್ದಿದ್ರೆ ಕುರೋದಾ ಸಾನ್ ಏನಂದ್ಕೊಳ್ತಾರೆ?"

"ಪೂಜೆಗೆ ಕೂರ್ದಿದ್ರೆ ದೇವರು ಏನಂದ್ಕೊಳ್ತಾನೆ? ಹರಕೆ ಯಾರಿಗೋಸ್ಕರ? ನಿಮ್ಮ ಕೆಲಸ ಪರ್ಮನೆಂಟ್ ಆಗ್ಲಿ ಅಂತ ತಾನೇ?"

"ನಾನು ಮ್ಯಾಚಿಗೆ ಹೋಗೋದೂ ಅದಕ್ಕೇ ಕಣೆ!"

ಇಬ್ಬರೂ ಹೇಳಿದ್ದು ನಿಜ. ಮಧುಕರನ ಮೂರು ವರ್ಷದ ನೇಮಕ ಮುಂದಿನ ತಿಂಗಳು ಮುಗಿಯುತ್ತಿತ್ತು. ವಿಭಾಗದ ಮುಖ್ಯಸ್ಥರಾದ ಕುರೋದಾ ಸಾನ್ ಶಿಫಾರಸು ಮಾಡಿದರೆ ಅವನು ನಗೋಯಾದಲ್ಲೇ ಖಾಯಂ. ಇಲ್ಲದಿದ್ದರೆ ಮೈಸೂರಿಗೆ, ಮಾವ ಚಂದ್ರಮೋಹನ್ ಅವರ ಮನೆಯ ಮಹಡಿಗೆ. "ಹೇಗೂ ವರ್ಕ್ ಫ್ರಮ್ ಹೋಮ್. ಬೆಂಗಳೂರಲ್ಲಿ ಯಾಕೆ ಮನೆ ಮಾಡ್ತೀರಿ?" ಎಂದು ಮಾವ ಆಗಲೇ ಮಹಡಿಗೆ ಸುಣ್ಣ ಹೊಡೆಸಿ ಕಾಯುತ್ತಿದ್ದರು. ಮಾವ ನಿವೃತ್ತ ಹೆಡ್‌ಮಾಸ್ಟರು. ಅಳಿಯನಿಗೆ ಏಕಾಗ್ರತೆ ಇಲ್ಲವೆಂಬುದು ಅವರ ಬಹುದಿನದ ಕೊರಗು. ಮಹಡಿಗೆ ಬಂದರೆ ಮುಂಜಾನೆ ಐದಕ್ಕೆ ಎಬ್ಬಿಸಿ ಅದನ್ನು ಕಲಿಸುವುದು ಅವರ ಬಹುದಿನದ ಯೋಜನೆ. ಮಧುಕರನಿಗೆ ಕೆಟ್ಟ ಕನಸೆಂದರೆ ಆ ಸುಣ್ಣದ ವಾಸನೆ.

ಇನ್ನು ಕುರೋದಾ ಸಾನ್. ಕಾಲೇಜಿನಲ್ಲಿ ಐಸ್ ಹಾಕಿ ತಂಡದ ಗೋಲು ಕಾಯುವ 'ಗೋಲಿ'ಯಾಗಿದ್ದವರು. ಮುಂದಿನ ಎರಡು ಹಲ್ಲುಗಳನ್ನು ಆ ಆಟಕ್ಕೇ ಅರ್ಪಿಸಿದವರು. "ಶನಿವಾರ ನಮ್ಮ ವಿಭಾಗದವರೆಲ್ಲ ಕೊನೆಯವರೆಗೂ ಕೂತು ಜಪಾನ್ ತಂಡವನ್ನು ಪ್ರೋತ್ಸಾಹಿಸಬೇಕು. ನಾನೂ ಇರುತ್ತೇನೆ" ಎಂದು ಅವರು ಮೀಟಿಂಗಿನಲ್ಲಿ ಹೇಳಿದಾಗ, ಅದು ಕೋರಿಕೆಯಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು.

"ಮೊದಲು ಮುಖ ತೋರಿಸಿ ನುಣುಚ್ಕೊಂಡು ಬಂದ್ಬಿಡ್ತೀನಿ. ಸಂಕಲ್ಪದ ಹೊತ್ತಿಗೆ ಮನೇಲಿರ್ತೀನಿ" ಎಂದು ಮಧುಕರ್ ಮಾತು ಕೊಟ್ಟ.

ಶನಿವಾರ ಕ್ರೀಡಾಂಗಣದ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು, ಕೈಗೆ ಸ್ಯಾನಿಟೈಸರ್ ಸುರಿದು, ಒಬ್ಬ ಹುಡುಗಿ ನಿಯಮಗಳನ್ನು ವಿನಯದಿಂದ ಒಪ್ಪಿಸಿದಳು. ಮಾಸ್ಕ್ ತೆಗೆಯಬಾರದು. ಕೂಗಬಾರದು. ಚಪ್ಪಾಳೆ ತಟ್ಟಬಹುದು. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ.

ಒಳಗೆ ಮಂಜುಗಡ್ಡೆಯ ಅಂಗಳ ಹೊಸದಾಗಿ ಸಾರಿಸಿದಂತೆ ಹೊಳೆಯುತ್ತಿತ್ತು. ಸಾಲಿನ ತುದಿಯಲ್ಲಿ ಮಧುಕರನ ಸೀಟು. ಪಕ್ಕದಲ್ಲಿ ಕಣ್ಣು ಬಿಟ್ಟ ರಟ್ಟಿನ ಮಧುಕರ್. ಅದರಾಚೆ ಜಯಂತ. ಜಯಂತ ಅದೇ ವಿಭಾಗದವನು, ಮಧುಕರನ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿರುವವನು. ಕೇಳದಿದ್ದವರಿಗೂ ಉಪಾಯ ಹೇಳುವುದರಲ್ಲಿ ಅವನನ್ನು ಮೀರಿಸುವವರಿದ್ದರೆ ಅದು ಅವನ ಹೆಂಡತಿ ಕಾಮಾಕ್ಷಿ ಮಾತ್ರ.

ಮುಂದಿನ ಸಾಲಿನಲ್ಲಿ, ಸರಿಯಾಗಿ ಎದುರಿಗೆ, ಕುರೋದಾ ಸಾನ್ ಕೂತಿದ್ದರು. ಉಣ್ಣೆ ಟೋಪಿ, ಮಾಸ್ಕು, ಕಿವಿ ಮುಚ್ಚುವ ಮಫ್ಲರು. ಮಧುಕರ್ ಬಗ್ಗಿ ಬೆನ್ನಿಗೆ ನಮಸ್ಕಾರ ಮಾಡಿ "ಕೊನ್ನಿಚಿವಾ" ಎಂದ. ಅವರು ತಿರುಗಲಿಲ್ಲ.

"ಕೋಪ ಬಂದಿದೆ ಅನ್ಸುತ್ತೆ ಕಣೋ" ಎಂದು ಪಿಸುಗುಟ್ಟಿದ.

"ಕೋಪ ಅಲ್ಲ ಗುರು, ಕಾನ್ಸಂಟ್ರೇಶನ್" ಎಂದ ಜಯಂತ. "ಗೋಲಿ ಆಗಿದ್ದೋರು. ಕಣ್ಣು ಮಿಟುಕಿಸಲ್ಲ."

ಪಂದ್ಯ ಶುರುವಾಯಿತು. ಜಪಾನಿಗೂ ಪೋಲೆಂಡಿಗೂ ಹಣಾಹಣಿ. ಸಾರಿನ ಪುಡಿ ಡಬ್ಬಿಯ ಮುಚ್ಚಳದಂಥ ಕಪ್ಪು ಬಿಲ್ಲೆಯೊಂದರ ಹಿಂದೆ ದೈತ್ಯರಂಥ ಹನ್ನೆರಡು ಜನ ದೊಣ್ಣೆ ಹಿಡಿದು ಜಾರುತ್ತಿದ್ದರು. ಇಬ್ಬರು ಢಿಕ್ಕಿ ಹೊಡೆದು ಗೋಡೆಗೆ ಅಪ್ಪಳಿಸಿದರೆ ಪ್ರೇಕ್ಷಕರು ಸಂಗೀತ ಕಚೇರಿಯ ರಸಿಕರಂತೆ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು. ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಗೂಡಿನಲ್ಲಿ ಒಂಟಿಯಾಗಿ ಕೂರಿಸುತ್ತಿದ್ದರು. ಮಧುಕರನಿಗೆ ಇದಾವುದೂ ತಲೆಗೆ ಹತ್ತಲಿಲ್ಲ. ಜೇಬಿನಲ್ಲಿ ಫೋನು ನಡುಗಿತು. ಯಾಮಿನಿಯ ಸಂದೇಶ: "ಶಾಸ್ತ್ರಿಗಳು ಬಂದ್ರು. ನೀವೆಲ್ಲಿ?"

"ಎದ್ದು ಹೋದ್ರೆ ಗೊತ್ತಾಗ್ಬಿಡುತ್ತೆ ಕಣೋ. ಎದುರಿಗೇ ಕೂತಿದ್ದಾರೆ."

ಜಯಂತ ರಟ್ಟಿನ ಮಧುಕರನನ್ನೂ ನಿಜವಾದವನನ್ನೂ ಒಮ್ಮೆ ನೋಡಿದ. "ಇವನಿಗೆ ನಿನ್ನ ಜಾಕೆಟ್ ಹಾಕು. ಟೋಪಿ, ಮಫ್ಲರ್, ಮಾಸ್ಕ್ ಎಲ್ಲಾ ಹಾಕು. ಆಮೇಲೆ ಇವನೇ ನೀನು. ನಿನ್ನ ಸೀಟು ಖಾಲಿ ಇದ್ರೆ ಡಿಸ್ಟೆನ್ಸಿಂಗ್ ಅಂದ್ಕೊಳ್ತಾರೆ. ಕೂಗೋ ಹಾಗಿಲ್ಲ, ಮಾಸ್ಕ್ ತೆಗೆಯೋ ಹಾಗಿಲ್ಲ. ರಟ್ಟಿಗೂ ನಮಗೂ ಏನೋ ವ್ಯತ್ಯಾಸ?"

"ಚಪ್ಪಾಳೆ?"

"ಗ್ಲೌಸ್ ಕೊಡು. ತೋಳು ಹಿಡ್ಕೊಂಡು ನಾನೇ ತಟ್ಟಿಸ್ತೀನಿ."

ಗುಟ್ಟು ರಟ್ಟಾಗುವುದನ್ನು ಲೋಕ ಕಂಡಿದೆ. ಅಂದು ರಟ್ಟೇ ಗುಟ್ಟಾಯಿತು. ಮಧುಕರ್ ಕುರೋದಾ ಸಾನ್ ಅವರ ಬೆನ್ನಿಗೆ ಮತ್ತೊಮ್ಮೆ ಕೈಮುಗಿದು, ಬಗ್ಗಿಕೊಂಡೇ ಜಾರಿದ.

ಸಬ್‌ವೇ ಗೇಟಿನ ಮುಂದೆ ಬಂದು ಜೇಬಿಗೆ ಕೈಹಾಕಿದಾಗ ಜೇಬೇ ಇರಲಿಲ್ಲ. ಫೋನು, ರೈಲಿನ ಕಾರ್ಡು, ಪರ್ಸು, ಮನೆಯ ಬೀಗದ ಕೈ, ಇನ್ನೊಂದು ಮಾಸ್ಕು, ಎಲ್ಲವೂ ಜಾಕೆಟ್ಟಿನಲ್ಲಿ. ಜಾಕೆಟ್ಟು ರಟ್ಟಿನ ಮೈಮೇಲೆ. ಓಡಿ ವಾಪಸು ಹೋದ. ಬಾಗಿಲಲ್ಲಿದ್ದ ಹುಡುಗಿ ಸೊಂಟದವರೆಗೆ ಬಗ್ಗಿ, "ಸುಮಿಮಾಸೆನ್, ಕ್ಷಮಿಸಿ, ಮರುಪ್ರವೇಶವಿಲ್ಲ" ಎಂದಳು. ತಲೆ ಎತ್ತಿದವಳು ಅವನ ಬರಿಯ ಮೂಗು ಬಾಯಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

ಆಗ ಹೊಳೆಯಿತು, ಆ ವರ್ಷದ ಜಪಾನಿನಲ್ಲಿ ಮಾಸ್ಕಿಲ್ಲದೆ ಬೀದಿಗೆ ಬರುವುದು ಪಂಚೆಯಿಲ್ಲದೆ ಬರುವುದಕ್ಕಿಂತ ಕಡೆ ಎಂದು. ಎದುರಿಗೆ ಬರುವವರು ರಸ್ತೆ ದಾಟಿ ಆಚೆ ಬದಿಗೆ ಹೋದರು. ಅಜ್ಜಿಯೊಬ್ಬರು ನಾಯಿಯನ್ನು ಎತ್ತಿಕೊಂಡರು. ಬೀದಿ ಮೂಲೆಯ ಅಂಗಡಿಗೆ ಹೋಗಿ ಒಂದು ಮಾಸ್ಕು ಕೊಳ್ಳೋಣವೆಂದರೆ ಕೈಯಲ್ಲಿ ಬಿಡಿಗಾಸಿಲ್ಲ, ಮಾಸ್ಕಿಲ್ಲದೆ ಒಳಗೆ ಬಿಡುವುದೂ ಇಲ್ಲ. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ತೆಳು ಅಂಗಿಯಲ್ಲಿ, ರೈಲು ಹೋಗುವ ದಿಕ್ಕನ್ನು ಅಂದಾಜು ಮಾಡಿ ಓಡತೊಡಗಿದ. ರೈಲು ನೆಲದಡಿಯಲ್ಲಿ ಹೋಗುತ್ತಿದ್ದುದರಿಂದ ಅಂದಾಜು ತಪ್ಪಿತು.

ಗೊತ್ತಿಲ್ಲದ ಬೀದಿಯಲ್ಲಿ ಒಂದು ಪೊಲೀಸ್ ಚೌಕಿ ಕಂಡಾಗ ದೇವರನ್ನೇ ಕಂಡಂತಾಯಿತು. ಬೆವರು ಸುರಿಸುತ್ತ, ಅದರ ಜೊತೆಗೇ ಚಳಿಗೆ ನಡುಗುತ್ತ, ದಾರಿ ಕೇಳಿದ. ಪೊಲೀಸಪ್ಪ ದಾರಿ ಹೇಳುವ ಮೊದಲು ಅವನ ಹಣೆಗೆ ಥರ್ಮಾಮೀಟರ್ ಹಿಡಿದ. ಓಡಿ ಬಂದ ಹಣೆ ಕಾದಿತ್ತು.

"ದಯವಿಟ್ಟು ಇಲ್ಲಿ ಕೂತುಕೊಳ್ಳಿ" ಎಂದು ಚೌಕಿಯ ಹೊರಗೆ ಮಡಿಸುವ ಕುರ್ಚಿಯೊಂದನ್ನು ಹಾಕಿದ. "ಇಳಿಯಿತೆಂದರೆ ಹೋಗಬಹುದು. ಇಳಿಯದಿದ್ದರೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡೋಣ."

ಒಳಗೆ ಹುಡುಕಿ ಒಂದು ಮಾಸ್ಕು ತಂದುಕೊಟ್ಟ. ಶಾಲಾಮಕ್ಕಳಿಗೆ ಹಂಚಿ ಉಳಿದದ್ದು, ಗುಲಾಬಿ ಬಣ್ಣದ ಮೇಲೆ ಬೆಕ್ಕಿನ ಮರಿಗಳು. ಚಳಿಗೆಂದು, ಭೂಕಂಪವಾದರೆ ಬೇಕೆಂದು ಇಟ್ಟಿದ್ದ ತುರ್ತು ಪೆಟ್ಟಿಗೆಯಿಂದ ಬೆಳ್ಳಿ ಬಣ್ಣದ ಹಾಳೆಯನ್ನೂ ತೆಗೆದು ಹೊದಿಸಿದ. ಮಧುಕರ್ ಬೆಳ್ಳಿ ವರ್ಕು ಹಚ್ಚಿದ ಬರ್ಫಿಯಂತೆ ಬೀದಿಯಲ್ಲಿ ಕೂತ. ಪಂದ್ಯದ ಗಾಜಿನ ಗೂಡು ನೆನಪಾಯಿತು. ಅವರಿಗಾದರೆ ಎರಡೇ ನಿಮಿಷ.

ಎದುರಿಗಿದ್ದ ವಿದ್ಯುತ್ ಸಾಮಾನಿನ ಅಂಗಡಿಯ ಟೀವಿಯಲ್ಲಿ ಅದೇ ಪಂದ್ಯ ಬರುತ್ತಿತ್ತು. ಜಪಾನ್ ಗೋಲು ಹೊಡೆಯಿತು. ಕ್ಯಾಮೆರಾ ಪ್ರೇಕ್ಷಕರತ್ತ ತಿರುಗಿ, ಸಾಲುಗಳನ್ನು ಸವರಿ, ಸೀದಾ ಬಂದು ಅವನ ಮೇಲೆಯೇ ನಿಂತಿತು. ಟೋಪಿ, ಮಫ್ಲರು, ಮಾಸ್ಕಿನ ಮೇಲೆ ಅರಳಿದ ಎರಡು ಕಣ್ಣು. ಗ್ಲೌಸು ತೊಟ್ಟ ಕೈಗಳು ಗಂಭೀರವಾಗಿ ಚಪ್ಪಾಳೆ ತಟ್ಟುತ್ತಿದ್ದವು. ಮುಂದಿನ ಸಾಲಿನಲ್ಲಿ ಕುರೋದಾ ಸಾನ್ ಬಂಡೆಯಂತೆ ಕೂತಿದ್ದರು. ಜಯಂತನ ಅರ್ಧ ಮುಖ ಮಾತ್ರ ಕಂಡಿತು, ನಗು ತಡೆದು ಕೆಂಪಾಗಿತ್ತು.

ಪೊಲೀಸಪ್ಪ ಟೀವಿ ನೋಡಿದ, ಇವನನ್ನು ನೋಡಿದ. "ನಿಮ್ಮ ಹಾಗೇ ಇದ್ದಾರಲ್ಲ?"

"ನನ್ನ ತಮ್ಮ" ಎಂದ ಮಧುಕರ್.

"ತುಂಬ ಶಿಸ್ತಿನ ಮನುಷ್ಯ" ಎಂದು ಪೊಲೀಸಪ್ಪ ಮೆಚ್ಚಿಕೊಂಡ. ಅಣ್ಣನ ಬಗ್ಗೆ ಏನೂ ಹೇಳಲಿಲ್ಲ.

ಕಾವು ಇಳಿದು, ದಾರಿಯ ನಕ್ಷೆ ಕೈಗೆ ಬಂದು, ಅವನು ಮನೆ ಮುಟ್ಟಿದಾಗ ಕತ್ತಲಾಗಿತ್ತು. ಬೀಗದ ಕೈ ಇಲ್ಲ. ಬೆಲ್ ಒತ್ತಿದ. ಬಾಗಿಲು ತೆರೆದದ್ದು ಕಾಮಾಕ್ಷಿ, ರೇಷ್ಮೆ ಸೀರೆಯುಟ್ಟು. ಅವನನ್ನು ನೋಡಿದ್ದೇ ಎರಡೂ ಕೈ ಅಡ್ಡ ಹಿಡಿದಳು.

"ಅಯ್ಯೋ, ಈಗ ಯಾಕ್ ಬಂದ್ರಿ?"

"ಇದು ನನ್ನ ಮನೆ ಕಣ್ರೀ!"

"ಶ್! ಒಳಗೆ ನೀವು ಆಗ್ಲೇ ಕೂತಿದ್ದೀರಿ."

ಮಧುಕರ್ ಅವಳ ಭುಜದ ಮೇಲಿಂದ ಇಣುಕಿದ. ಕಂಬಳಿ ಹಾಸಿದ ಮಣೆಯ ಮೇಲೆ ಯಾಮಿನಿ. ಅವಳ ಬಲಕ್ಕೆ, ಜರಿ ಶಲ್ಯ ಹೊದ್ದು, ಹಣೆಗೆ ಕುಂಕುಮ ಇಟ್ಟುಕೊಂಡು, ಕೊರಳಿಗೆ ಸೇವಂತಿಗೆ ಹಾರ ಹಾಕಿಕೊಂಡು, ಕಣ್ಣು ಮುಚ್ಚಿ ಧ್ಯಾನದಲ್ಲಿ ಮುಳುಗಿದ ಮಧುಕರ್. ವಾಷಿಂಗ್ ಮಷೀನಿನ ಹಿಂದಿನವನು. ಲ್ಯಾಪ್‌ಟಾಪನ್ನು ಕೋಣೆಯ ಆಚೆ ತುದಿಯಲ್ಲಿಟ್ಟಿದ್ದರು.

"ನೀವು ಫೋನ್ ಎತ್ತಲಿಲ್ಲ. ಯಾಮಿನಿ ಅಳೋಕೆ ಶುರು ಮಾಡಿದ್ಲು" ಎಂದು ಕಾಮಾಕ್ಷಿ ಪಿಸುಗುಟ್ಟಿದಳು. "ನಂಗೇ ಐಡಿಯಾ ಹೊಳೀತು. ಮೌನವ್ರತ ಅಂತ ಹೇಳಿದ್ವಿ. ಹೇಗಿದೆ?"

ಗಂಡ ಹೆಂಡತಿಯ ಜಾತಕ ಕೂಡುವುದೆಂದರೆ ಇದೇ ಎಂದು ಮಧುಕರನಿಗೆ ಅನ್ನಿಸಿತು. ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ ಮಾವನ ಹೆಡ್‌ಮಾಸ್ಟರ್ ದನಿ ಗುಡುಗಿತು.

"ಯಾಮಿನೀ, ಬಾಗ್ಲಲ್ಲಿ ಯಾರಮ್ಮಾ ಅದು? ಬೆಳ್ಳಿ ಕಾಗದ ಸುತ್ಕೊಂಡಿರೋರು?"

ಯಾಮಿನಿ ತಿರುಗಿ ನೋಡಿದಳು. ಬೆಕ್ಕಿನ ಮರಿಗಳ ಮೇಲೆ ಗಂಡನ ಕಣ್ಣು ಕಂಡವು. ಒಂದು ಕ್ಷಣವೂ ತಡವರಿಸದೆ, "ಪಕ್ಕದ ಮನೆಯವರು ಅಪ್ಪಾ, ಜಪಾನಿನವರು. ಪ್ರಸಾದಕ್ಕೆ ಬಂದಿದ್ದಾರೆ" ಎಂದಳು.

"ಪಾಪ, ಕೊಡು ಕೊಡು. ಎಷ್ಟು ಭಕ್ತಿ!"

ಮಧುಕರ್ ತನ್ನ ಮನೆಯ ಹೊಸ್ತಿಲಲ್ಲಿ ನಿಂತು, ತನ್ನ ಹೆಂಡತಿಯ ಕೈಯಿಂದ ಸಜ್ಜಿಗೆ ಪ್ರಸಾದ ತೆಗೆದುಕೊಂಡು, ಸೊಂಟ ಬಗ್ಗಿಸಿ "ಅರಿಗಾತೋ" ಎಂದ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಇನ್ನೂ ಸ್ವಲ್ಪ ಬೇಕಿತ್ತು. ಪಕ್ಕದ ಮನೆಯವನು ಎರಡನೆಯ ಸಲ ಕೇಳುವುದು ಹೇಗೆ?

"ಶಾಸ್ತ್ರಿಗಳೇ, ನೋಡಿದ್ರಾ ನಮ್ಮ ಅಳಿಯಂದ್ರನ್ನ?" ಎಂದರು ಮಾವ. "ಎರಡು ಗಂಟೆ! ಒಂದು ಸಲ ಕದಲಿದ್ರೆ ಕೇಳಿ. ಇವರಿಗೆ ಏಕಾಗ್ರತೆ ಇಲ್ಲ ಅಂತಿದ್ದೆ, ನನ್ನ ನಾಲಿಗೆ ಸುಡ್ಲಿ. ಇಂಥ ಅಳಿಯ ದೂರದಲ್ಲಿರಬಾರದು. ಅದಕ್ಕೇ ನಾನು ಸಂಕಲ್ಪದಲ್ಲಿ ಬೇಗ ಮೈಸೂರಿಗೆ ಬಂದುಬಿಡ್ಲಿ ಅಂತಾನೇ ಹೇಳಿಸಿದ್ದು."

"ಅಪ್ಪಾ! ನಾನು ಕೇಳ್ಕೊಂಡಿದ್ದು ಇಲ್ಲೇ ಪರ್ಮನೆಂಟ್ ಆಗ್ಲಿ ಅಂತ!"

"ನೀನು ಕನ್ನಡದಲ್ಲಿ ಕೇಳ್ಕೊಂಡೆ. ಶಾಸ್ತ್ರಿಗಳು ಸಂಸ್ಕೃತದಲ್ಲಿ ಹೇಳಿದ್ರು" ಎಂದು ಮಾವ ನಕ್ಕರು. ದುಬೈಯವರು ಕಾಯುತ್ತಿದ್ದಾರೆಂದು ಶಾಸ್ತ್ರಿಗಳು ಅವಸರದಲ್ಲಿ ಆಶೀರ್ವಾದ ಮುಗಿಸಿ ಜೂಮ್ ಮುಚ್ಚಿದರು.

ಮಧುಕರ್ ಬೆಳ್ಳಿ ಹಾಳೆ ಬಿಚ್ಚುವುದಕ್ಕೂ ಜಯಂತ ಜಾಕೆಟ್ ಹಿಡಿದು ಬರುವುದಕ್ಕೂ ಸರಿಯಾಯಿತು. "ಜಪಾನ್ ಗೆದ್ದಿತು ಗುರು! ತಟ್ಟಿಸಿ ತಟ್ಟಿಸಿ ನನ್ನ ಭುಜ ಹೋಯ್ತು. ಟೀವೀಲಿ ಮೂರು ಸಲ ಬಂದೆ ನೀನು! ಕೆಲಸ ಪರ್ಮನೆಂಟ್ ಅಂತಾನೇ ಲೆಕ್ಕ." ಅಷ್ಟರಲ್ಲಿ ಜಾಕೆಟ್ಟಿನ ಜೇಬಿನಲ್ಲಿ ಫೋನು ಮೊಳಗಿತು. ಕುರೋದಾ ಸಾನ್.

ಮಧುಕರ್ ಸ್ಪೀಕರ್ ಹಾಕಿದ.

"ಮಧುಕರ್ ಸಾನ್, ನಿಮ್ಮಲ್ಲಿ ಕ್ಷಮೆ ಕೇಳಬೇಕು" ಎಂದರು ಕುರೋದಾ ಸಾನ್. "ಇವತ್ತು ನಿಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದದ್ದು ನಾನಲ್ಲ. ನನ್ನ ರಟ್ಟಿನ ಚಿತ್ರ."

ಮಧುಕರನ ಬಾಯಲ್ಲಿದ್ದ ಸಜ್ಜಿಗೆ ಅಲ್ಲೇ ನಿಂತಿತು.

"ಮೊಮ್ಮಗಳಿಗೆ ಏಳು ವರ್ಷ ತುಂಬಿತು. ಆ ವಯಸ್ಸಿನ ಮಕ್ಕಳಿಗೆ ಕಿಮೋನೊ ತೊಡಿಸಿ ಈ ತಿಂಗಳಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು. ನನ್ನ ಹೆಂಡತಿ ಶನಿವಾರವೇ ಎಂದು ಹಟ ಹಿಡಿದಳು. ಟೋಪಿ, ಮಫ್ಲರು ಹಾಕಿ ಅದನ್ನು ಕೂರಿಸಿ ಕದ್ದು ಹೋದೆ. ಸಂಜೆ ಟೀವಿ ನೋಡಿದರೆ ನನ್ನ ರಟ್ಟಿನ ಹಿಂದೆ ನೀವು! ಹೊರದೇಶದವರು, ಆಟದ ಗಂಧವಿಲ್ಲದವರು. ಕೊನೆಯವರೆಗೂ ಬೆನ್ನು ಬಗ್ಗಿಸದೆ ಚಪ್ಪಾಳೆ ತಟ್ಟಿದಿರಿ. ನನಗೆ ನಾಚಿಕೆಯಾಯಿತು."

ಮಧುಕರನಿಗೂ ನಾಚಿಕೆಯಾಯಿತು. ಇಷ್ಟು ಒಳ್ಳೆಯ ಮನುಷ್ಯನಿಗೆ ಮೋಸ ಮಾಡಿದೆನಲ್ಲ ಎಂದುಕೊಂಡ. ಜಯಂತ ಕೈಸನ್ನೆ ಮಾಡುತ್ತಿದ್ದರೂ ಲೆಕ್ಕಿಸದೆ ಸತ್ಯ ಹೇಳಿಬಿಟ್ಟ.

"ಕುರೋದಾ ಸಾನ್, ನಾನೂ ಅಲ್ಲಿರಲಿಲ್ಲ. ನನ್ನದೂ ರಟ್ಟೇ. ನಾನೂ ಪೂಜೆಗೆಂದು ಕದ್ದು ಬಂದೆ."

ಅತ್ತಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"ನನ್ನ ಮಾನ ಉಳಿಸಲು ಎಂಥ ದೊಡ್ಡ ಸುಳ್ಳು ಹೇಳುತ್ತಿದ್ದೀರಿ ಮಧುಕರ್ ಸಾನ್! ಚಪ್ಪಾಳೆ ತಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದೆ. ನಿಮ್ಮ ದೊಡ್ಡತನದಿಂದ ನನ್ನ ತಪ್ಪು ಇನ್ನೂ ದೊಡ್ಡದಾಯಿತು."

"ಇಲ್ಲ, ನಿಜವಾಗಿಯೂ..."

"ಸಾಕು, ಇನ್ನು ಸಮಾಧಾನ ಹೇಳಬೇಡಿ. ನಿಮ್ಮನ್ನು ಖಾಯಂ ಮಾಡುವ ಶಿಫಾರಸಿಗೆ ನಿನ್ನೆಯೇ ನನ್ನ ಮುದ್ರೆ ಒತ್ತಿದ್ದೆ. ನನ್ನಂಥ ಅಪ್ರಾಮಾಣಿಕನ ಮುದ್ರೆಯಿಂದ ನಿಮ್ಮಂಥವರಿಗೆ ಕೆಲಸ ಸಿಗುವುದು ಅವಮಾನ. ಈಗಷ್ಟೇ ಅದನ್ನು ವಾಪಸು ಪಡೆದೆ. ಜವಾಬ್ದಾರಿ ಹೊತ್ತು ಮುಖ್ಯಸ್ಥನ ಸ್ಥಾನವನ್ನೂ ಬಿಡುತ್ತೇನೆ. ನಿಮ್ಮ ವಿಷಯವನ್ನು ಇನ್ನು ಟೋಕಿಯೋದ ಕೇಂದ್ರ ಕಚೇರಿ ತೀರ್ಮಾನಿಸುತ್ತದೆ."

ಫೋನು ಕಟ್ಟಾಯಿತು. ಕೊರೊನಾ ಬಂದ ಮೇಲೆ ಟೋಕಿಯೋ ಕಚೇರಿ ಒಬ್ಬ ಹೊರದೇಶದವನನ್ನೂ ಖಾಯಂ ಮಾಡಿರಲಿಲ್ಲವೆಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಜಯಂತ ಯಾವುದೋ ಉಪಾಯ ಹೇಳಲು ಬಾಯಿ ತೆರೆದ. ಮಧುಕರ್ ನೋಡಿದ ನೋಟಕ್ಕೆ ಮುಚ್ಚಿಕೊಂಡ. ಅವನೂ ಕಾಮಾಕ್ಷಿಯೂ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಮೇಲಿನ ಮಹಡಿಗೆ ಹೋದರು.

"ಅಪ್ಪ ಕೇಳಿದ್ದೇ ಆಯ್ತು ರೀ" ಎಂದಳು ಯಾಮಿನಿ ಮೆಲ್ಲಗೆ. "ಅಲ್ಲಿ ಹೋದ್ರೆ ದಿನಾ ಬೆಳಿಗ್ಗೆ ಐದಕ್ಕೆ, ಇವತ್ತಿನ ಹಾಗೇ ಎರಡು ಗಂಟೆ ಧ್ಯಾನಕ್ಕೆ ಕೂರಿಸ್ತಾರೆ. ಕದಲದೆ ಕೂ‌ತಿದ್ದನ್ನ ನೋಡಿಬಿಟ್ಟಿದ್ದಾರಲ್ಲ."

ಮಧುಕರನಿಗೆ ಸುಣ್ಣದ ವಾಸನೆ ಬಂದಂತಾಯಿತು. ಮಣೆಯ ಮೇಲಿದ್ದವನ ಕೊರಳಿಂದ ಸೇವಂತಿಗೆ ಹಾರ ತೆಗೆದ. ಶಲ್ಯ ಬಿಚ್ಚಿ, ಹಣೆಯ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಜೋಪಾನವಾಗಿ ಒರೆಸಿದ.

"ಸಾಮಾನು ಕಟ್ಟುವಾಗ ಮೊದಲು ಇವನನ್ನ ಪ್ಯಾಕ್ ಮಾಡು" ಎಂದ.

"ಲಗೇಜ್ ತೂಕ ಜಾಸ್ತಿ ಆದ್ರೆ?"

"ಹಾಗಾದ್ರೆ ಇವನನ್ನ ಕರ್ಕೊಂಡು ಹೋಗು. ನನ್ನ ಇಲ್ಲೇ ಬಿಡು."

ತಮಾಷೆಗೆ ಹೇಳಿದ್ದು. ಯಾಮಿನಿ ಕೂಡಲೇ "ಥೂ, ಬಿಡ್ತು ಅನ್ನಿ" ಎನ್ನುತ್ತಾಳೆಂದು ಕಾದ. ಅವಳು ಮಣೆಯ ಮೇಲಿದ್ದವನನ್ನು ಒಮ್ಮೆ ನೋಡಿದಳು, ಬೆಕ್ಕಿನ ಮರಿಗಳ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ನಿಂತಿದ್ದ ಗಂಡನನ್ನು ಒಮ್ಮೆ ನೋಡಿದಳು, ಮತ್ತೆ ಮಣೆಯ ಕಡೆ ನೋಡಿದಳು.

"ಒಂದ್ನಿಮಿಷ ಇರಿ" ಎಂದಳು. "ಯೋಚ್ನೆ ಮಾಡಿ ಹೇಳ್ತೀನಿ."